ಏಷ್ಯಾದ ಕಾದಂಬರಿಗಳಲ್ಲಿ ಬಾಯಿ ಬಿಡದವರು: ನನಗೆ ಅನಿಸಿದ್ದು ಇಷ್ಟು, ನೀವೇನಂತೀರಿ?

ಸಂಪಿಗೆಮರ:

ಜಪಾನ್, ಚೀನಾ, ಕೊರಿಯಾ, ಅರಬ್ ನಾಡುಗಳ ಕಥೆ ಕಾದಂಬರಿಗಳನ್ನು ಕೈಗೆ ಸಿಕ್ಕಿದ ಹಾಗೆ ಓದುತ್ತಾ ಬಂದವನು ನಾನು. ಎಲ್ಲವೂ ಇಂಗ್ಲಿಷ್ ಮೂಲಕವೇ. ಹಾಗಾಗಿ ಇದನ್ನು ವಿಮರ್ಶೆ ಅಂದುಕೊಳ್ಳಬೇಡಿ, ಒಬ್ಬ ಓದುಗನ ಅನಿಸಿಕೆ ಅಷ್ಟೇ. ಪುಸ್ತಕ ಮುಗಿಸಿ ಎಷ್ಟೋ ಕಾಲವಾದ ಮೇಲೂ ತಲೆಯಲ್ಲಿ ಉಳಿಯುವವರು ಮಾತುಗಾರರಲ್ಲ, ಬಾಯಿ ಬಿಡದವರು. ‘ಏಷ್ಯಾದವರು ಸಂಕೋಚದ ಜನ, ಮಾತು ಕಡಿಮೆ’ ಅನ್ನುವ ಹಳಸಲು ಮಾತನ್ನು ನಾನು ಹೇಳುತ್ತಿಲ್ಲ. ನಮ್ಮೂರ ಬಸ್ ಹತ್ತಿದವರು ಯಾರೂ ಅದನ್ನು ನಂಬುವುದಿಲ್ಲ. ಸುಮ್ಮನಿರುವುದರ ಹಿಂದೆ ಒಂದೊಂದು ಕಡೆ ಒಂದೊಂದು ಲೆಕ್ಕಾಚಾರ ಇದೆ, ಅದನ್ನು ಹೇಳುತ್ತಿದ್ದೇನೆ.

ಜಪಾನಿನ ತಾನಿಝಾಕಿಯ ‘ಮಕಿಯೋಕಾ ಸಿಸ್ಟರ್ಸ್’ ತಗೊಳ್ಳಿ. ಒಸಾಕಾದ ಹಳೆಯ ವ್ಯಾಪಾರಿ ಮನೆತನ. ದುಡ್ಡು ಕರಗಿದೆ, ಹಮ್ಮು ಕರಗಿಲ್ಲ. ನಾಲ್ವರು ಅಕ್ಕತಂಗಿಯರು. ಮೂರನೆಯವಳು ಯುಕಿಕೊಗೆ ಮೂವತ್ತಾದರೂ ಮದುವೆ ಆಗಿಲ್ಲ. ಅವಳದು ಆಗದೆ ಕೊನೆಯವಳಾದ ತಾಯೆಕೊಗೆ ಮಾಡುವ ಹಾಗಿಲ್ಲ. ಗಂಡಿನ ಕಡೆಯವರು ಇವರ ಮನೆ ವಿಚಾರಿಸುತ್ತಾರೆ, ಇವರು ಅವರ ಮನೆ ವಿಚಾರಿಸುತ್ತಾರೆ. ಒಬ್ಬ ಗಂಡಿನ ತಾಯಿಗೆ ತಲೆ ಸರಿ ಇಲ್ಲ ಅಂತ ಗೊತ್ತಾಗಿ ಆ ಸಂಬಂಧ ಅಲ್ಲಿಗೇ ನಿಲ್ಲುತ್ತದೆ. ಯುಕಿಕೊ ಕಣ್ಣಿನ ಮೇಲೆ ಆಗಾಗ ಒಂದು ಕಲೆ ಮೂಡಿ ಮಾಯವಾಗುತ್ತದೆ. ಗಂಡಿನವರ ಎದುರು ಕೂರುವ ದಿನ ಅದು ಕಾಣಬಾರದು ಅಂತ ಅಕ್ಕನಿಗೆ ಒಳಗೊಳಗೇ ಆತಂಕ. ಇದನ್ನೆಲ್ಲ ಅಮೆರಿಕದ ಓದುಗರಿಗೆ ಬಿಡಿಸಿ ಹೇಳಬೇಕಾಗಬಹುದು. ನಮಗೆ ಬೇಕಾ?

ಒಂದು ಸಂಬಂಧ ಇನ್ನೇನು ಕುದುರಿತು ಅನ್ನುವಾಗ ಗಂಡು ನೇರವಾಗಿ ಮನೆಗೆ ಫೋನ್ ಮಾಡುತ್ತಾನೆ. ಹೆಂಡತಿ ತೀರಿಕೊಂಡವನು, ಒಳ್ಳೆಯ ಕೆಲಸದಲ್ಲಿರುವವನು. ಯುಕಿಕೊ ಫೋನಿನ ಹತ್ತಿರ ಬರುವುದಕ್ಕೇ ತುಂಬಾ ಹೊತ್ತು ಹಿಡಿಯುತ್ತಾಳೆ. ಹೊರಗೆ ಹೋಗೋಣವಾ ಅಂತ ಅವನು ಕೇಳಿದರೆ ಇವಳ ಗಂಟಲಿಂದ ನೆಟ್ಟಗೆ ಒಂದು ಉತ್ತರ ಹೊರಡುವುದಿಲ್ಲ. ಅವನಿಗೆ ಅವಮಾನ ಆಗುತ್ತದೆ, ಸಂಬಂಧ ಮುರಿಯುತ್ತದೆ. ನೂರಾರು ಪುಟಗಳ ಕಾದಂಬರಿಯಲ್ಲಿ 1938ರ ಕೋಬೆ ಪ್ರವಾಹವೂ ಇದೆ. ನನಗೆ ಅದಕ್ಕಿಂತ ಈ ಫೋನ್ ಕರೆಯೇ ಹೆಚ್ಚು ಭಯ ಹುಟ್ಟಿಸಿತು.

ಇನ್ನೊಂದು ತಮಾಷೆ. ಇದು 1943ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದಾಗ ಸೇನೆಯವರು ನಿಲ್ಲಿಸಿಬಿಟ್ಟರು. ಯುದ್ಧದ ಹೊತ್ತಲ್ಲಿ ಹೆಂಗಸರ ಕಿಮೋನೋ, ಹೂ ನೋಡುವ ಸಂಭ್ರಮ ಎಲ್ಲ ಯಾಕೆ ಅಂತ. ಪೂರ್ತಿಯಾಗಿ ಹೊರಬಂದಿದ್ದು 1948ರಲ್ಲಿ. ಯುದ್ಧದ ಬಗ್ಗೆ ಜಾಸ್ತಿ ಮಾತೇ ಆಡದ ಪುಸ್ತಕ ಯುದ್ಧ ಮಾಡುವವರಿಗೆ ಯಾಕೆ ಅಷ್ಟು ಚುಚ್ಚಿತು ಅಂತ ಯೋಚಿಸಿ.

ಚೀನಾದ ಲೂ ಷುನ್ ಇದಕ್ಕೆ ಪೂರ್ತಿ ಬೇರೆ. 1919ರ ‘ಔಷಧ’ ಅನ್ನುವ ಕಥೆ ಕೆಲವೇ ಪುಟ. ಚಹಾ ಅಂಗಡಿಯವನ ಮಗನಿಗೆ ಕ್ಷಯ. ತಲೆ ಕಡಿಸಿಕೊಂಡವನ ರಕ್ತದಲ್ಲಿ ಅದ್ದಿದ ಬನ್ನು ತಿಂದರೆ ವಾಸಿಯಾಗುತ್ತದೆ ಅಂತ ಜನ ನಂಬಿದ್ದಾರೆ. ಅಪ್ಪ ಕತ್ತಲಲ್ಲೇ ಎದ್ದು, ಕೂಡಿಟ್ಟ ದುಡ್ಡು ಕೊಟ್ಟು ತರುತ್ತಾನೆ. ರಕ್ತ ಯಾರದ್ದು? ಇದೇ ಜನರಿಗಾಗಿ ದಂಗೆ ಎದ್ದ ಹುಡುಗನದ್ದು. ಜೈಲಲ್ಲಿ ಅವನು ಏನೇನು ಹೇಳಿದ ಅಂತ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಹುಚ್ಚ. ಇಲ್ಲಿ ಬಾಯಿ ಮುಚ್ಚಿದವರು ಯಾರೂ ಇಲ್ಲ, ಆದರೆ ಒಬ್ಬರಿಗೂ ಕಿವಿ ಇಲ್ಲ. ಮುಂದೆ ಸ್ಮಶಾನದಲ್ಲಿ ಇಬ್ಬರು ತಾಯಂದಿರು ಎದುರುಬದುರಾಗುತ್ತಾರೆ. ಒಬ್ಬಳ ಮಗನ ರಕ್ತವನ್ನು ಇನ್ನೊಬ್ಬಳ ಮಗ ತಿಂದಿದ್ದಾನೆ. ಇಬ್ಬರೂ ಸತ್ತಿದ್ದಾರೆ. ತಾಯಂದಿರಿಗೆ ಅದು ಗೊತ್ತೇ ಇಲ್ಲ.

ದಂಗೆಯ ಹುಡುಗನ ಸಮಾಧಿಯ ಮೇಲೆ ಯಾರೋ ಹೂವಿನ ಹಾರ ಇಟ್ಟಿರುತ್ತಾರೆ. ಅದನ್ನು ತಾನು ಬೇಕಂತಲೇ ತಂದಿಟ್ಟೆ ಅಂತ ಲೂ ಷುನ್ ಆಮೇಲೆ ತನ್ನ ಸಂಕಲನದ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಅದು ನನಗೆ ಬಹಳ ಹಿಡಿಸಿತು. ಅಷ್ಟು ಕಠಿಣ ಮನುಷ್ಯನಿಗೂ ಓದುಗನನ್ನು ಬರಿಗೈಲಿ ಕಳಿಸಲು ಮನಸ್ಸಾಗಲಿಲ್ಲ.

ನೀವು ಓದಿದ್ದರಲ್ಲಿ ಇಂಥವರು ಯಾರಿದ್ದಾರೆ?

ಮೂರನೇಮಗಳು:

ಯುಕಿಕೊ ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ, ಸಂಪಿಗೆಮರ ಅವರೇ. ಅವಳ ಮೇಲೆ ನಿಮಗೆ ಕನಿಕರ ಬಂದಿದೆ. ನನಗೆ ಬಂದಿದ್ದು ಮೆಚ್ಚುಗೆ. ಪುಸ್ತಕದ ಉದ್ದಕ್ಕೂ ಒಂದಾದ ಮೇಲೊಂದು ಗಂಡು ಬಂದು ಹೋಗುತ್ತಾನೆ. ಪ್ರತಿ ಸಲ ಮನೆಯವರೇ ತಲೆ ಕೆಡಿಸಿಕೊಂಡು, ಏನೋ ನೆಪ ಹುಡುಕಿ, ಮಧ್ಯಸ್ಥಗಾರರ ಕೈಕಾಲು ಹಿಡಿದು ‘ಬೇಡ’ ಅಂತ ತಿಳಿಸುತ್ತಾರೆ. ಇವಳು ತಲೆ ತಗ್ಗಿಸಿ ಕೂತಿರುತ್ತಾಳೆ, ಅಷ್ಟೇ. ನಮ್ಮ ಮನೆಯಲ್ಲಿ ನಾವು ಮೂವರು ಹೆಣ್ಣುಮಕ್ಕಳು. ‘ನೀವು ಹೇಗೆ ಹೇಳ್ತೀರೋ ಹಾಗೆ’ ಅನ್ನುವ ಮಾತಿನಿಂದ ಎಷ್ಟು ಸಂಬಂಧ ಮುರಿಯಬಹುದು ಅಂತ ನನಗೆ ಚೆನ್ನಾಗಿ ಗೊತ್ತು.

ಬಾಯಿ ಬಿಟ್ಟು ಮಾತಾಡಿದವಳು ತಾಯೆಕೊ. ಗೊಂಬೆ ಮಾಡಿ ಮಾರಿದಳು, ಬಟ್ಟೆ ಹೊಲಿಯಲು ಕಲಿತಳು, ತನಗೆ ಬೇಕಾದವರ ಜೊತೆ ಓಡಾಡಿದಳು. ಅವಳಿಗೆ ಏನು ಸಿಕ್ಕಿತು ನೋಡಿ. ಮನೆತನ ಅವಳನ್ನು ಹೊರಗಿಟ್ಟಿತು, ಹುಟ್ಟಿದ ಮಗುವೂ ಉಳಿಯಲಿಲ್ಲ. ತಾನಿಝಾಕಿ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಸುಮ್ನೆ ಇದ್ದುಬಿಟ್ಟ. ಯಾರು ಸರಿ ಅಂತ ಹೇಳಲೇ ಇಲ್ಲ.

ಕೊನೆ ಮರೆತಿರಾ? ಅಂತೂ ಯುಕಿಕೊಗೆ ಮದುವೆ ಗೊತ್ತಾಗಿ ಟೋಕಿಯೋಗೆ ಹೊರಡುತ್ತಾಳೆ. ಹೊಟ್ಟೆ ಕೆಟ್ಟಿದೆ, ರೈಲಿನಲ್ಲೂ ಭೇದಿ ನಿಂತಿಲ್ಲ. ಕಾದಂಬರಿಯ ಕಟ್ಟಕಡೆಯ ವಾಕ್ಯ ಅದೇ! ಬಾಯಿ ಹೇಳದ್ದನ್ನು ಹೊಟ್ಟೆ ಹೇಳಿತು. ಮದುವೆ ಕಾದಂಬರಿಯನ್ನು ಹೀಗೆ ಮುಗಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಹೇಳಿ.

ಕಡಲಕರೆ:

ನಾನು ಕುವೈತಿನಲ್ಲಿರುವುದು. ಊರು ಕುಂದಾಪುರದ ಹತ್ತಿರ. ಈ ಚರ್ಚೆಯಲ್ಲಿ ಘಸ್ಸಾನ್ ಕನಫಾನಿ ಬರದಿದ್ದರೆ ನನಗೆ ಸಮಾಧಾನ ಇಲ್ಲ ಮಾರಾಯ್ರೆ. ಪ್ಯಾಲೆಸ್ಟೈನಿನವನು. 1972ರಲ್ಲಿ ಬೈರೂತಿನಲ್ಲಿ ಕಾರಿಗೆ ಬಾಂಬ್ ಇಟ್ಟು ಕೊಂದರು. ಅವನ ‘ಮೆನ್ ಇನ್ ದಿ ಸನ್’ 1963ರದ್ದು, ಒಂದೇ ಕೂತಲ್ಲಿ ಓದಿ ಮುಗಿಯುತ್ತದೆ.

ಮೂವರು ಪ್ಯಾಲೆಸ್ಟೈನಿಗಳು. ಒಬ್ಬ ವಯಸ್ಸಾದವನು, ಒಬ್ಬ ಪ್ರಾಯದವನು, ಒಬ್ಬ ಇನ್ನೂ ಹುಡುಗ. ಬಸ್ರಾದಿಂದ ಕುವೈತಿಗೆ ಕಳ್ಳದಾರಿಯಲ್ಲಿ ಹೋಗಬೇಕು. ನೀರಿನ ಖಾಲಿ ಟ್ಯಾಂಕರಿನ ಡ್ರೈವರ್ ಒಬ್ಬ ಒಪ್ಪಿಕೊಳ್ಳುತ್ತಾನೆ. ಗಡಿ ಚೌಕಿ ಬಂದಾಗ ಮಾತ್ರ ಟ್ಯಾಂಕಿನ ಒಳಗೆ ಇಳಿಯಬೇಕು, ಆರೇಳು ನಿಮಿಷದ ಮಾತು. ಆಗಸ್ಟ್ ತಿಂಗಳು. ಮೊದಲನೇ ಚೌಕಿ ದಾಟುತ್ತಾರೆ. ಎರಡನೆಯದರಲ್ಲಿ, ಮುತ್ಲಾದಲ್ಲಿ, ಎಸಿ ಕೋಣೆಯಲ್ಲಿ ಕೂತ ಅಧಿಕಾರಿಗೆ ಹರಟೆಯ ಚಪಲ. ಬಸ್ರಾದ ಒಬ್ಬ ನರ್ತಕಿಯ ಹೆಸರು ಹೇಳಿ ಡ್ರೈವರನ್ನು ಕಾಲೆಳೆಯುತ್ತಾನೆ, ಕಾಗದಕ್ಕೆ ಸಹಿ ಹಾಕಲ್ಲ. ಡ್ರೈವರ್ ಓಡಿ ಬಂದು ಮುಚ್ಚಳ ತೆರೆಯುವ ಹೊತ್ತಿಗೆ ಮೂವರೂ ಸತ್ತಿದ್ದಾರೆ. ಹೆಣಗಳನ್ನು ಊರ ಕಸ ಸುರಿಯುವ ಕಡೆ ಹಾಕುತ್ತಾನೆ. ವಾಪಸ್ ಹೋಗಿ ಅವರ ಜೇಬಿನ ದುಡ್ಡು ತೆಗೆದುಕೊಳ್ಳುತ್ತಾನೆ, ಹುಡುಗನ ಕೈಗಡಿಯಾರವನ್ನೂ. ಆಮೇಲೆ ಕೂಗುತ್ತಾನೆ: ನೀವು ಟ್ಯಾಂಕಿನ ಗೋಡೆ ಯಾಕೆ ಬಡಿಯಲಿಲ್ಲ?

ಇಲ್ಲಿ ಜೂನ್‌ನಿಂದ ಆಗಸ್ಟ್ ತನಕ ಹಗಲು 11ರಿಂದ 4ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಇದೆ. ಆ ಹೊತ್ತಲ್ಲಿ ನಿಲ್ಲಿಸಿದ ಕಾರಿನ ಬಾಗಿಲ ಹಿಡಿ ಮುಟ್ಟಿ ನೋಡಿದವರಿಗೆ ಆ ಟ್ಯಾಂಕಿನ ಒಳಗಿನ ಕಬ್ಬಿಣ ಹೇಗಿತ್ತು ಅಂತ ಯಾರೂ ವರ್ಣಿಸಬೇಕಾಗಿಲ್ಲ. ಕನಫಾನಿ ಕೂಡ ವರ್ಣಿಸುವುದಿಲ್ಲ. ಎರಡನೇ ಚೌಕಿಯಲ್ಲಿ ಕಥೆ ಟ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ನಾವು ಎಸಿ ಕೋಣೆಯಲ್ಲಿ ಡ್ರೈವರ್ ಜೊತೆ ನಿಂತು ಆ ಹಾಳು ಹರಟೆ ಕೇಳುತ್ತಿರುತ್ತೇವೆ.

ಇದನ್ನೇ 1972ರಲ್ಲಿ ‘ದಿ ಡ್ಯೂಪ್ಸ್’ ಅಂತ ಸಿನಿಮಾ ಮಾಡಿದರು. ಅದರಲ್ಲಿ ಅವರು ಬಡಿಯುತ್ತಾರೆ. ಎಸಿಗಳ ಸದ್ದಿನಲ್ಲಿ ಕೇಳಿಸುವುದಿಲ್ಲ. ನನಗೆ ಸಿನಿಮಾದ ಉತ್ತರವೇ ಹೆಚ್ಚು ನಿಜ ಅನಿಸಿತು. ಸಾಯುವವರನ್ನು ‘ಯಾಕೆ ಕೂಗಲಿಲ್ಲ’ ಅಂತ ಕೇಳುವುದು ಬದುಕಿದವರಿಗೆ ಬಹಳ ಸುಲಭ.

ರಾಗಿಮುದ್ದೆ:

ಕಡಲಕರೆ ಸರ್, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಾನು ಹೇಳಬೇಕು ಅಂದುಕೊಂಡದ್ದು ಕೊರಿಯಾದ ಹಾನ್ ಕಾಂಗ್ ಬಗ್ಗೆ. 2024ರ ನೊಬೆಲ್ ಬಂದ ಮೇಲೆ ಎಲ್ಲರ ಕೈಯಲ್ಲೂ ‘ದಿ ವೆಜಿಟೇರಿಯನ್’ ಇತ್ತು. ಯೊಂಗ್‌ಹೆ ಅನ್ನುವ ಗೃಹಿಣಿ ಒಂದು ಕನಸು ಕಂಡು ಮಾಂಸ ಬಿಡುತ್ತಾಳೆ. ಕಥೆಯನ್ನು ಗಂಡನ ಕಡೆಯಿಂದ ಕೇಳುತ್ತೇವೆ, ಆಮೇಲೆ ಭಾವನ ಕಡೆಯಿಂದ, ಆಮೇಲೆ ಅಕ್ಕನ ಕಡೆಯಿಂದ. ಅವಳ ಸ್ವಂತ ದನಿ ಅಲ್ಲಲ್ಲಿ ಕನಸಿನ ತುಣುಕುಗಳಲ್ಲಿ ಮಾತ್ರ. ಮನೆಮಂದಿ ಎಲ್ಲ ಊಟಕ್ಕೆ ಸೇರಿದಾಗ ಅಪ್ಪ ಕಪಾಳಕ್ಕೆ ಹೊಡೆದು ಬಾಯಿಗೆ ಹಂದಿ ಮಾಂಸ ತುರುಕುತ್ತಾನೆ. ಅವಳು ಚಾಕು ತಗೊಂಡು ಕೈ ಕೊಯ್ದುಕೊಳ್ಳುತ್ತಾಳೆ.

ಇದನ್ನು ಬೆಂಗಳೂರಿನ ಗೆಳೆಯರ ಜೊತೆ ಚರ್ಚೆ ಮಾಡುವಾಗ ಒಂದು ವಿಚಿತ್ರ ಗಮನಿಸಿದೆ. ಕೆಲವರಿಗೆ ಇದು ‘ಸಾತ್ವಿಕ ಹೆಣ್ಣಿನ ಕಥೆ’ಯ ಹಾಗೆ ಕಂಡಿತ್ತು. ‘ಪಾಪ, ಒಳ್ಳೇದೇ ಮಾಡಿದಳಲ್ಲ’ ಅಂತ! ನಮ್ಮಲ್ಲಿ ಮಾಂಸ ಬಿಟ್ಟವರಿಗೆ ಮರ್ಯಾದೆ ಜಾಸ್ತಿ, ಬಿಡದವರಿಗೆ ಬಾಡಿಗೆ ಮನೆಯೂ ಸಿಗಲ್ಲ. ಕೊರಿಯಾದ ಸಿಯೋಲ್‌ನಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ತಿನ್ನುವುದನ್ನು ಒಬ್ಬ ಹೆಂಡತಿ ತಿನ್ನಲ್ಲ ಅಂದರೆ ಗಂಡನಿಗೆ ಆಫೀಸಿನವರ ಎದುರು ತಲೆ ತಗ್ಗಿಸುವ ಸ್ಥಿತಿ. ಕೊರಿಯಾದ ಅಪ್ಪ ಮಾಂಸ ತುರುಕಿದ ಹಾಗೆ ನಮ್ಮ ಎಷ್ಟೋ ಮನೆಗಳಲ್ಲಿ ತಟ್ಟೆಯಿಂದ ಕಿತ್ತುಕೊಳ್ಳುತ್ತಾರೆ. ಜಾತಿ ಬಿಟ್ಟು ಮದುವೆಯಾದವಳನ್ನು ಕೇಳಿ ನೋಡಿ. ಏನು ತಿನ್ನಬೇಕು ಅಂತ ಬೇರೆಯವರು ತೀರ್ಮಾನಿಸುವ ಕಡೆ ಎರಡೂ ಒಂದೇ. ಆದರೆ ಆ ಪುಸ್ತಕವನ್ನು ನಮ್ಮ ಸಸ್ಯಾಹಾರದ ಕನ್ನಡಕ ಹಾಕಿಕೊಂಡು ಓದಿದರೆ ಪೂರ್ತಿ ತಲೆಕೆಳಗಾಗುತ್ತದೆ.

ಸಂಪಿಗೆಮರ:

ರಾಗಿಮುದ್ದೆ ಅವರೇ, ತಟ್ಟೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾನ್ ಕಾಂಗ್ ಬರೆದ ‘ಹ್ಯೂಮನ್ ಆಕ್ಟ್ಸ್’ ಕೂಡ ಓದಿ. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜು ಊರಲ್ಲಿ ಸೇನೆ ಜನರನ್ನು ಕೊಂದ ಕಥೆ. ಅದರಲ್ಲಿ ಪ್ರಕಾಶನದಲ್ಲಿ ಕೆಲಸ ಮಾಡುವ ಒಬ್ಬಳು ಬರುತ್ತಾಳೆ. ಪೊಲೀಸನಿಂದ ತಿಂದ ಏಳು ಕಪಾಳಮೋಕ್ಷವನ್ನು ಒಂದೊಂದಾಗಿ ಮರೆಯಲು ನೋಡುತ್ತಿರುತ್ತಾಳೆ. ಅವಳು ನೋಡಿಕೊಂಡ ನಾಟಕದ ಹಸ್ತಪ್ರತಿಗೆ ಸೆನ್ಸಾರಿನವರು ಮಸಿ ಬಳಿದು ಕಳಿಸಿರುತ್ತಾರೆ. ಆದರೂ ಆ ನಾಟಕ ಆಡುತ್ತಾರೆ. ನಟರು ತುಟಿ ಅಲ್ಲಾಡಿಸುತ್ತಾರೆ, ದನಿ ಹೊರಡಿಸುವುದಿಲ್ಲ. ಮೊದಲೇ ಪಠ್ಯ ಓದಿದ್ದ ಇವಳು ಆ ತುಟಿಗಳಲ್ಲಿ ಎಲ್ಲವನ್ನೂ ಓದಿಕೊಳ್ಳುತ್ತಾಳೆ. ಮಾತು ನಿಷೇಧಿಸಬಹುದು, ತುಟಿ ಅಲ್ಲಾಡಿಸುವುದಕ್ಕೆ ಯಾವ ಸೆಕ್ಷನ್ ಹಾಕುತ್ತಾರೆ?

ಹುಣಸೆಕಟ್ಟೆ:

ಎಲ್ಲರೂ ಮೌನ ಮೌನ ಅಂತಿದ್ದೀರಿ. ನಾನು ಸ್ವಲ್ಪ ಗಲಾಟೆ ಮಾಡುತ್ತೇನೆ. ನೀವು ಆರಿಸಿಕೊಂಡ ಪುಸ್ತಕಗಳು ಹಾಗಿವೆ, ಅದಕ್ಕೆ ಏಷ್ಯಾ ಹೀಗೆ ಕಾಣಿಸುತ್ತಿದೆ. ಇಂಡೋನೇಷ್ಯಾದ ಪ್ರಮೂದ್ಯ ಅನಂತ ತೂರ್ ಎಲ್ಲಿ ಹೋದ?

1965ರಲ್ಲಿ ಅವನನ್ನು ಹಿಡಿದರು. ವಿಚಾರಣೆಯೇ ಇಲ್ಲ. ಮನೆಯ ಪುಸ್ತಕ, ಹಸ್ತಪ್ರತಿಗಳನ್ನೆಲ್ಲ ಹಾಳು ಮಾಡಿದರು. 1969ರಿಂದ 1979ರ ತನಕ ಬುರು ಅನ್ನುವ ದ್ವೀಪದ ಸೆರೆಯಲ್ಲಿಟ್ಟರು. ಬರೆಯಲು ಕಾಗದ ಕೊಡಲಿಲ್ಲ. ಆ ಮನುಷ್ಯ ಏನು ಮಾಡಿದ? ಕಥೆಯನ್ನು ಜೊತೆಗಿದ್ದ ಕೈದಿಗಳಿಗೆ ಬಾಯಲ್ಲೇ ಹೇಳಿದ. ಅವರು ಕೇಳಿ ಇನ್ನೊಬ್ಬರಿಗೆ ಹೇಳಿದರು. ಆಮೇಲೆ ಬರೆಯಲು ಬಿಟ್ಟಾಗ ಅದು ನಾಲ್ಕು ಕಾದಂಬರಿಗಳಾಯಿತು. ಮೊದಲನೆಯದು, ‘ಬುಮಿ ಮನುಸಿಯಾ’, 1980ರಲ್ಲಿ ಬಂತು. ಕೈಯಿಂದ ಕೈಗೆ ಹೋಯಿತು. 1981ರಲ್ಲಿ ನಿಷೇಧಿಸಿದರು. ಅದನ್ನು ಇಂಗ್ಲಿಷಿಗೆ ತಂದವನು ಜಕಾರ್ತಾದ ಆಸ್ಟ್ರೇಲಿಯಾ ರಾಯಭಾರ ಕಚೇರಿಯಲ್ಲಿದ್ದ. ಆ ತಪ್ಪಿಗೆ ಅವನನ್ನು ವಾಪಸ್ ಕರೆಸಿಕೊಂಡರು!

ಇನ್ನು ಕಥೆಯೊಳಗೆ ನ್ಯಾಯಿ ಒಂತೊಸೊರೊ ಅನ್ನುವ ಹೆಣ್ಣು. ಸಕ್ಕರೆ ಕಾರ್ಖಾನೆಯ ಡಚ್ ಮ್ಯಾನೇಜರನಿಗೆ ಅಪ್ಪನೇ ಮಾರಿದ್ದಾನೆ. ಅವಳು ಆ ಮನೆಯಲ್ಲೇ ಓದು ಬರಹ ಕಲಿತು, ಡಚ್ ಕಲಿತು, ವ್ಯವಹಾರ ಪೂರ್ತಿ ಕೈಗೆ ತಗೊಳ್ಳುತ್ತಾಳೆ. ಬಿಳಿಯರ ನ್ಯಾಯಾಲಯದಲ್ಲಿ ಹೆತ್ತ ಮಗಳ ಮೇಲೆ ಅವಳಿಗೆ ಹಕ್ಕಿಲ್ಲ ಅಂತ ತೀರ್ಪಾಗುತ್ತದೆ. ಅವಳು ಸುಮ್ಮನಿರಲ್ಲ. ನ್ಯಾಯಾಧೀಶರ ಎದುರೇ ದನಿ ಎತ್ತುತ್ತಾಳೆ. ಸೋಲುತ್ತಾಳೆ, ಮಗಳನ್ನು ಹಡಗು ಹತ್ತಿಸಿ ಕಳಿಸುತ್ತಾರೆ. ಆದರೆ ನಾವು ಹೋರಾಡಿಯೇ ಸೋತೆವು ಅಂತ ಅಳಿಯನಿಗೆ ಹೇಳುತ್ತಾಳೆ. ಯುಕಿಕೊಗಿಂತ ನನಗೆ ಈ ಅಮ್ಮ ಬೇಕು.

ಉರ್ದು ಕಥೆಗಾರ ಮಂಟೋನ ಬಿಷನ್ ಸಿಂಗ್? ಹುಚ್ಚಾಸ್ಪತ್ರೆಯಲ್ಲಿ ಹದಿನೈದು ವರ್ಷ ನಿಂತೇ ಇದ್ದವನು. ದೇಶ ಒಡೆದ ಮೇಲೆ ತನ್ನ ಊರು ಟೋಬಾ ಟೇಕ್ ಸಿಂಗ್ ಹಿಂದೂಸ್ತಾನದಲ್ಲಿದೆಯಾ ಪಾಕಿಸ್ತಾನದಲ್ಲಿದೆಯಾ ಅಂತ ಕಂಡಕಂಡವರನ್ನು ಕೇಳುತ್ತಾ, ಅರ್ಥವಿಲ್ಲದ ಒಂದು ಸಾಲನ್ನು ಒದರುತ್ತಾ ಇರುವವನು. ಅವನದೂ ಮೌನವಾ?

ಮೂರನೇಮಗಳು:

ಹುಣಸೆಕಟ್ಟೆ ಅವರೇ, ಯುಕಿಕೊ ಬೇಡ, ನ್ಯಾಯಿ ಬೇಕು ಅಂತ ತಕ್ಕಡಿ ಹಿಡಿಯುವುದಾದರೆ ಗಂಡಿನ ಕಡೆಯವರಿಗೂ ನಿಮಗೂ ಏನು ವ್ಯತ್ಯಾಸ? 😀

ಹಳೇಪೇಟೆ:

ಸ್ವಲ್ಪ ಕಹಿ ಮಾತು. ಇಲ್ಲಿ ಬಂದ ಹೆಸರುಗಳಲ್ಲಿ ಎಷ್ಟು ನಮಗೆ ಲಂಡನ್, ಸ್ಟಾಕ್‌ಹೋಮ್ ಮೂಲಕ ಬಂದವು? ‘ದಿ ವೆಜಿಟೇರಿಯನ್’ ಕೊರಿಯನ್ನಿನಲ್ಲಿ 2007ರಲ್ಲೇ ಬಂದಿತ್ತು. ನಮಗೆ ಗೊತ್ತಾದದ್ದು 2016ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ. ನೆರೆಮನೆಯವರ ಸುದ್ದಿಯನ್ನು ಊರಾಚೆಯವರಿಂದ ಕೇಳಿ ತಿಳಿಯುವ ಹಾಗಿದೆ ನಮ್ಮ ಓದು.

ಹಾಗಂತ ಬೂಕರ್ ಪುಸ್ತಕ ಓದಬಾರದು ಅಂತಲ್ಲ. ಒಮಾನಿನ ಜೋಖಾ ಅಲ್‌ಹಾರ್ಥಿಯ ‘ಸೆಲೆಸ್ಟಿಯಲ್ ಬಾಡೀಸ್’ ಅದೇ ದಾರಿಯಲ್ಲಿ, 2019ರಲ್ಲಿ ಬಂತು. ಅಲ್ಲೂ ಮೂವರು ಅಕ್ಕತಂಗಿಯರು. ದೊಡ್ಡವಳು ಮಯ್ಯಾ ಹೊಲಿಗೆ ಮಷಿನ್ ಮುಂದೆ ತಲೆ ಬಗ್ಗಿಸಿ ಕೂತವಳು. ಮನಸ್ಸಲ್ಲಿ ಬೇರೆಯವನು. ಮನೆಯವರು ತೋರಿಸಿದವನನ್ನು ಮದುವೆಯಾಗುತ್ತಾಳೆ. ಹುಟ್ಟಿದ ಮಗಳಿಗೆ ‘ಲಂಡನ್’ ಅಂತ ಹೆಸರಿಡುತ್ತಾಳೆ. ಯಾಕೆ ಅಂತ ಕೇಳಿದವರಿಗೆ ಜಾಸ್ತಿ ವಿವರಣೆ ಇಲ್ಲ. ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಗಂಡ ಕೇಳಿದರೆ ನಕ್ಕುಬಿಡುತ್ತಾಳೆ.

ಆದರೆ ನನಗೆ ಮುಖ್ಯ ಅನಿಸಿದ್ದು ಜರೀಫಾ. ಮಯ್ಯಾಳ ಗಂಡನ ಮನೆಯ ಗುಲಾಮಳು. ಯಜಮಾನನ ತಾಯಿಯಿಲ್ಲದ ಮಗನನ್ನು ಸಾಕಿದವಳು. ಒಮಾನಿನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಗಿದ್ದು 1970ರಲ್ಲಿ, ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಮೇಲೆ. ಈ ಜರೀಫಾ ಮಾತಿಗೊಂದು ಗಾದೆ ಹೇಳುವವಳು. ಗಂಭೀರವಾಗಿ ಸುಮ್ಮನಿರುವುದು ಯಜಮಾನರ ಮನೆಯ ಹೆಣ್ಣುಮಕ್ಕಳಿಗೆ ಮರ್ಯಾದೆ. ದುಡಿಯುವವಳು ಸುಮ್ಮನಿದ್ದರೆ ಬದುಕು ನಡೆಯಲ್ಲ. ನೀವು ಹೇಳುವ ಮೌನಕ್ಕೆ ಅಂತಸ್ತಿದೆ ಸ್ವಾಮಿ. ಯುಕಿಕೊ ಬಾಯಿ ಬಿಡಬೇಕಾಗಿಲ್ಲ, ಯಾಕೆಂದರೆ ಅವಳ ಪರವಾಗಿ ಮಾತಾಡಲು ಒಂದು ಮನೆತನವೇ ಇದೆ. ಯುಕಿಕೊ ಮನೆಯ ಕೆಲಸದ ಹುಡುಗಿ ಓಹಾರು ಬಗ್ಗೆ ಯಾರೂ ಒಂದು ಮಾತು ಬರೆಯಲಿಲ್ಲ ಇಲ್ಲಿ.

ಸಂಪಿಗೆಮರ:

ಒಪ್ಪಿದೆ. ಅಂತಸ್ತಿನ ಮಾತು ಸೇರಿಸಿದರೆ ಲೂ ಷುನ್ ಚಹಾ ಅಂಗಡಿಯೂ ಬೇರೆ ಥರ ಕಾಣುತ್ತದೆ. ಆದರೆ ಲಂಡನ್ ಬಗ್ಗೆ ಒಂದು ಮಾತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅದೇ ಬೂಕರ್ ಬಂತಲ್ಲ. ಒಮಾನಿನಲ್ಲೋ ಕೊರಿಯಾದಲ್ಲೋ ಈಗ ಯಾರೋ ಹಾಸನದ ಕಥೆಗಳನ್ನು ಓದುತ್ತಿರಬಹುದು. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಅಂತ ದೇವರನ್ನೇ ಎದುರು ನಿಲ್ಲಿಸಿ ಮಾತಾಡುವ ಹೆಣ್ಣನ್ನು ನೋಡಿ ಅವರು ‘ಕನ್ನಡದ ಹೆಂಗಸರು ಎಷ್ಟು ಗಟ್ಟಿ’ ಅಂತ ನನ್ನ ಹಾಗೇ ಒಂದು ಸಿದ್ಧಾಂತ ಕಟ್ಟುತ್ತಿರುತ್ತಾರೆ.

ಬಿಸಿಬೇಳೆ:

ನಾನು ಹೊಸಬಳು. ಇದರಲ್ಲಿ ಒಂದನ್ನೂ ಓದಿಲ್ಲ. ಎಲ್ಲಿಂದ ಶುರು ಮಾಡಲಿ? ದಪ್ಪ ಪುಸ್ತಕ ಬೇಡ ಪ್ಲೀಸ್. ಅಳಿಸುವುದೂ ಸದ್ಯಕ್ಕೆ ಬೇಡ.

ಹುಣಸೆಕಟ್ಟೆ:

ಅಳಿಸಬಾರದು ಅಂದರೆ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಬೇಕಲ್ಲ ತಾಯಿ! ಲೂ ಷುನ್‌ನ ‘ಕುಂಗ್ ಯಿ ಚಿ’ ಓದಿ, ಕೆಲವೇ ಪುಟ. ಪರೀಕ್ಷೆ ಪಾಸಾಗದ ಪಂಡಿತ, ಮಾಸಿದ ನಿಲುವಂಗಿ ತೊಟ್ಟುಕೊಂಡು ಹೆಂಡದಂಗಡಿಯಲ್ಲಿ ಕೂಲಿಗಳ ಜೊತೆ ನಿಂತು ಕುಡಿಯುತ್ತಾನೆ. ಪುಸ್ತಕ ಕದ್ದರೆ ಅದು ಕಳ್ಳತನ ಅಲ್ಲ ಅಂತ ವಾದ ಮಾಡುತ್ತಾನೆ. ಮೊದಲು ನಗು ಬರುತ್ತದೆ. ಆಮೇಲಿನದಕ್ಕೆ ನಾನು ಜವಾಬ್ದಾರನಲ್ಲ.

ಹಳೇಪೇಟೆ:

ಬಿಸಿಬೇಳೆ ಅವರೇ, ಕನ್ನಡದಲ್ಲೇ ಬೇಕಿದ್ದರೆ ಡಿವಿಜಿಯವರ ‘ಉಮರನ ಒಸಗೆ’ ಇದೆ. ಪರ್ಷಿಯಾದ ಉಮರ್ ಖಯ್ಯಾಮ್, ಫಿಟ್ಸ್‌ಜೆರಾಲ್ಡ್‌ನ ಇಂಗ್ಲಿಷ್ ದಾಟಿ ಬಂದವನು. ತೆಳ್ಳಗಿನ ಪುಸ್ತಕ, ಹಾಡಿಕೊಳ್ಳಬಹುದು, ಅಳಿಸಲ್ಲ. ಆಗಲೂ ಇಂಗ್ಲಿಷ್ ದಾರಿಯೇ ಆಗಿತ್ತು ಅಂತ ಯಾರಾದರೂ ನನ್ನನ್ನು ಹಿಡಿಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇಂಗ್ಲಿಷ್ ದಾರಿ ಬೇಡವೇ ಬೇಡ ಅನ್ನುವವರಿಗೆ ಒಂದು ವಿಷಯ. ಇರಾನಿನ ಸಾದೆಗ್ ಹೆದಾಯತ್ ತನ್ನ ‘ಬ್ಲೈಂಡ್ ಔಲ್’ ಅನ್ನು ಮೊದಲು ಹೊರತಂದದ್ದು ಮುಂಬೈಯಲ್ಲಿ, 1936ರ ಸುಮಾರಿಗೆ. ಕೈಬರಹದಲ್ಲೇ ಸೈಕ್ಲೋಸ್ಟೈಲ್ ಥರ ತೆಗೆದ ಐವತ್ತರಷ್ಟು ಪ್ರತಿಗಳು. ಇರಾನಿನಲ್ಲಿ ಮಾರಾಟಕ್ಕಲ್ಲ ಅಂತ ಮೇಲೆ ನಮೂದು. ಇರಾನಿನ ಆಧುನಿಕ ಗದ್ಯದ ಅತಿ ಹೆಸರಾದ ಕಾದಂಬರಿ ಹುಟ್ಟಿದ್ದು ನಮ್ಮ ಪಕ್ಕದ ಊರಲ್ಲಿ, ಪರ್ಷಿಯನ್ನಿನಲ್ಲೇ.

ಕಡಲಕರೆ:

ಅದನ್ನು ನಾನು ಓದಿದ್ದೇನೆ. ರಾತ್ರಿ ಓದಬಾರದ ಪುಸ್ತಕ. ಅದರಲ್ಲಿ ಕಥೆ ಹೇಳುವವನ ತಾಯಿ ಭಾರತದ ದೇವಸ್ಥಾನದ ನರ್ತಕಿ. ಅವಳನ್ನು ಮೋಹಿಸಿದ ಇಬ್ಬರು ಅವಳಿ ಅಣ್ಣತಮ್ಮಂದಿರನ್ನು ನಾಗರಹಾವಿನ ಜೊತೆ ಕತ್ತಲ ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಬದುಕಿ ಬಂದವನಿಗೆ ಅವಳು. ಹೊರಗೆ ಬಂದವನ ಕೂದಲು ಬೆಳ್ಳಗಾಗಿದೆ, ನೆನಪು ಹೋಗಿದೆ. ಅವನು ಅಪ್ಪನೋ ಚಿಕ್ಕಪ್ಪನೋ ಯಾರಿಗೂ ಗೊತ್ತಿಲ್ಲ. ಮುಂಬೈಗೆ ಬಂದವನಿಗೆ ಹಾವು, ದೇವದಾಸಿ ಮಾತ್ರ ಕಂಡಿತಾ ಅಂತ ನನಗೆ ಸ್ವಲ್ಪ ಕೋಪವೂ ಬಂತು. ಪಶ್ಚಿಮದವರು ನಮ್ಮನ್ನು ಹಾಗೆ ನೋಡಿದರೆ ಬೈಯುತ್ತೇವೆ. ಇರಾನಿನವನು ನೋಡಿದರೆ ಬಿಟ್ಟುಬಿಡಬೇಕಾ?

ರಾಗಿಮುದ್ದೆ:

ಬಿಡಬಾರದು. ಇದಕ್ಕೆ ಬೇರೆ ಚರ್ಚೆಯೇ ತೆರೆಯಿರಿ ಸರ್. ಏಷ್ಯಾದ ಬೇರೆ ಬೇರೆ ನಾಡಿನವರು ಒಬ್ಬರನ್ನೊಬ್ಬರು ಹೇಗೆ ತಪ್ಪಾಗಿ ನೋಡುತ್ತಾರೆ ಅಂತ. ನಾನು ಅಷ್ಟರಲ್ಲಿ ‘ಬುಮಿ ಮನುಸಿಯಾ’ ಹುಡುಕುತ್ತೇನೆ. ಹುಣಸೆಕಟ್ಟೆ ಅವರೇ, ನಿಮ್ಮ ಪ್ರತಿ ಕೊಡ್ತೀರಾ, ಇಲ್ಲ ಕೊಂಡುಕೊಳ್ಳಲಾ?

ಹುಣಸೆಕಟ್ಟೆ:

ಕೊಂಡುಕೊಳ್ಳಿ. ಕೊಟ್ಟ ಪುಸ್ತಕ ವಾಪಸ್ ಬಂದದ್ದನ್ನು ನಾನು ಇನ್ನೂ ಕಂಡಿಲ್ಲ.